ಶಾಫ್ಟೋ, ಬೆಲ್ಟೋ? ನೈಟ್ರೋ ಟೂರಿಂಗ್ ಕಾರುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರೇಡಿಯೋ ನಿಯಂತ್ರಿತ ನೈಟ್ರೋ ಕಾರು ಕೊಳ್ಳಲು ಹೊರಟವರು, ಕೊಂಡು ಕೈ ಸುಟ್ಟುಕೊಂಡವರು ಮತ್ತು ಬಿಚ್ಚಿ ಜೋಡಿಸುವುದರಲ್ಲೇ ಸುಖ ಕಾಣುವವರು ಮಾತಿನಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡಿದ್ದೇನೆ. ಸುಲಭದ ಪ್ರಶ್ನೆಗಳು ಮೊದಲು ಬರುತ್ತವೆ. ಲೆಕ್ಕಾಚಾರ ಕೊನೆಗೆ ಬರುತ್ತದೆ.

## ಮೊದಲು ತಿಳಿಯಬೇಕಾದದ್ದು

ನೈಟ್ರೋ ಟೂರಿಂಗ್ ಕಾರು ಅಂದ್ರೆ ಪೆಟ್ರೋಲ್ ಕಾರು ತಾನೇ?

ಅಲ್ಲ. ಇದರ ಇಂಧನದಲ್ಲಿ ಪೆಟ್ರೋಲಿನ ಹನಿಯೂ ಇರುವುದಿಲ್ಲ. ಮೆಥನಾಲ್, ನೈಟ್ರೋಮೀಥೇನ್ ಮತ್ತು ಹರಳೆಣ್ಣೆ ಅಥವಾ ಕೃತಕ ಎಣ್ಣೆ ಸೇರಿದ ಮಿಶ್ರಣದಲ್ಲಿ ಇದು ಓಡುತ್ತದೆ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ಗಿನ ಬದಲು ಇದಕ್ಕೆ ಗ್ಲೋ ಪ್ಲಗ್ ಇರುತ್ತದೆ. ಇದರ ಪ್ಲಾಟಿನಂ ತಂತಿಯನ್ನು ಆರಂಭದಲ್ಲಿ ಬ್ಯಾಟರಿಯಿಂದ ಕೆಂಪಗೆ ಕಾಯಿಸಿದರೆ ಸಾಕು. ಮುಂದೆ ಮೆಥನಾಲಿನೊಡನೆ ನಡೆಯುವ ಕ್ರಿಯೆಯಿಂದ ಮತ್ತು ದಹನದ ಶಾಖದಿಂದ ಅದು ತಾನಾಗಿಯೇ ಕೆಂಪಗೆ ಉಳಿಯುತ್ತದೆ. ಟೂರಿಂಗ್ ಕಾರು ಎಂದರೆ ರಸ್ತೆಯ ಮೇಲೆ ಓಡುವ ಸೆಡಾನ್ ಅಥವಾ ಕೂಪೆ ಕಾರಿನ ಆಕಾರದ ಕವಚ ಹೊತ್ತ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ, ನೆಲಕ್ಕೆ ಅಂಟಿದಂತೆ ತಗ್ಗಾಗಿರುವ ಕಾರು. ಇಲ್ಲಿ ನಾವು ಮಾತನಾಡುತ್ತಿರುವುದು ಹತ್ತರಲ್ಲಿ ಒಂದು ಅಳತೆಯ ವರ್ಗದ ಬಗ್ಗೆ. ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಈ ವರ್ಗದ ಕಾರಿನ ಅಗಲ 200 ಮಿಲಿಮೀಟರ್, ಎಂಜಿನ್ನಿನ ಮಿತಿ 2.11 ಸಿಸಿ ಮತ್ತು ಟ್ಯಾಂಕು 75 ಮಿಲಿಲೀಟರ್.

ಶಾಫ್ಟ್ ಡ್ರೈವ್, ಬೆಲ್ಟ್ ಡ್ರೈವ್ ಅಂತೀರಲ್ಲ, ಸ್ವಲ್ಪ ಬಿಡಿಸಿ ಹೇಳಿ.

ಎಂಜಿನ್ ಒಂದೇ, ಆದರೆ ತಿರುಗಬೇಕಾದ ಆಕ್ಸಲ್‌ಗಳು ಎರಡು. ಮುಂದಕ್ಕೂ ಹಿಂದಕ್ಕೂ ಶಕ್ತಿಯನ್ನು ಸಾಗಿಸುವ ದಾರಿ ಯಾವುದು ಎಂಬುದೇ ಇಲ್ಲಿರುವ ವ್ಯತ್ಯಾಸ.

ಶಾಫ್ಟ್ ಕಾರನ್ನು ಅರಿಯಲು ಲಾರಿಯ ಅಡಿಯನ್ನು ನೆನಪಿಸಿಕೊಳ್ಳಿ. ಉದ್ದಕ್ಕೆ ಒಂದು ಪ್ರೊಪೆಲ್ಲರ್ ಶಾಫ್ಟ್, ಅದರ ತುದಿಯ ಹೌಸಿಂಗ್‌ನೊಳಗೆ ಕ್ರೌನ್ ಮತ್ತು ಪಿನಿಯನ್. ಉದ್ದಕ್ಕೆ ತಿರುಗುತ್ತಿದ್ದ ಚಲನೆಯನ್ನು ಅಡ್ಡಕ್ಕೆ ಹೊರಳಿಸುವುದು ಆ ಕೋನದ ಗೇರುಗಳ ಕೆಲಸ. ಲಾರಿಗೆ ಹೌಸಿಂಗ್ ಹಿಂದೆ ಮಾತ್ರ ಇದ್ದರೆ ಈ ಪುಟ್ಟ ಕಾರಿನಲ್ಲಿ ಮುಂದೊಂದು, ಹಿಂದೊಂದು ಇರುತ್ತದೆ.

ಬೆಲ್ಟ್ ಕಾರನ್ನು ಅರಿಯಲು ಹಿಟ್ಟಿನ ಗಿರಣಿಯ ಪಟ್ಟಿ ನೆನಪಾದರೆ ಅರ್ಧ ಮಾತ್ರ ಸರಿ. ಗಿರಣಿಯ ಪಟ್ಟಿ ಚಪ್ಪಟೆ, ಜಾರಬಲ್ಲದು. ಇಲ್ಲಿಯದು ದೊಡ್ಡ ಕಾರಿನ ಟೈಮಿಂಗ್ ಬೆಲ್ಟಿನಂತೆ ಒಳಮೈಯಲ್ಲಿ ಹಲ್ಲುಗಳಿರುವ, ಒಳಗೆ ಗಟ್ಟಿ ನೂಲು ಹೆಣೆದಿರುವ ಸಣ್ಣ ಪಟ್ಟಿ. ರೇಸಿನ ನೈಟ್ರೋ ಕಾರಿನಲ್ಲಿ ಇಂಥವು ಸಾಮಾನ್ಯವಾಗಿ ಮೂರು: ನಡುವಿನ ಅಡ್ಡ ದಂಡದಿಂದ ಹಿಂದಕ್ಕೆ ಒಂದು, ಪಕ್ಕದಲ್ಲಿ ಮುಂದಕ್ಕೆ ಸಾಗುವ ಉದ್ದನೆಯದು ಇನ್ನೊಂದು, ಅಲ್ಲಿಂದ ಮುಂದಿನ ಆಕ್ಸಲ್‌ಗೆ ಮತ್ತೊಂದು.

ನನ್ನ ಹತ್ರ ಹಳೇ ಕಾರು ಇದೆ, ಡಬ್ಬಿ ಇಲ್ಲ. ಯಾವ ಬಗೆ ಅಂತ ಹೇಗೆ ಗೊತ್ತಾಗುತ್ತೆ?

ಮೇಲಿನ ಕವಚವನ್ನು ತೆಗೆದು ಎಂಜಿನ್ ಯಾವ ಕಡೆಗೆ ಮುಖ ಮಾಡಿದೆ ಎಂದು ನೋಡಿ. ಎಂಜಿನ್ ದಂಡದ ತುದಿಯಲ್ಲಿ ಕ್ಲಚ್ಚಿನ ಗಂಟೆಯಾಕಾರದ ಬಟ್ಟಲಿದೆ; ಅದು ತಿರುಗಿಸುವ ದೊಡ್ಡ ಗೇರಿಗೆ ಸ್ಪರ್ ಗೇರು ಎಂದು ಹೆಸರು. ಈ ಸ್ಪರ್ ಶಾಫ್ಟ್ ಕಾರಿನಲ್ಲಿ ಉದ್ದನೆಯ ಶಾಫ್ಟಿನ ಸಾಲಿನಲ್ಲಿ, ಬೆಲ್ಟ್ ಕಾರಿನಲ್ಲಿ ನಡುವಿನ ಅಡ್ಡ ದಂಡದ ಮೇಲೆ ಇರುತ್ತದೆ. ಕ್ಲಚ್ಚಿನ ಗಂಟೆಯ ಮೇಲಿರುವ ಹಲ್ಲುಗಳೂ ಸ್ಪರ್ ಗೇರಿನ ಹಲ್ಲುಗಳೂ ಕೂಡಬೇಕಾದರೆ ಎರಡರ ದಂಡಗಳು ಸಮಾನಾಂತರವಾಗಿರಲೇಬೇಕು. ಆದ್ದರಿಂದ ಶಾಫ್ಟ್ ಕಾರಿನಲ್ಲಿ ಎಂಜಿನ್ನಿನ ಕ್ರ್ಯಾಂಕ್ ಕಾರಿನ ಉದ್ದಕ್ಕೆ ಮಲಗಿರುತ್ತದೆ. ಬೆಲ್ಟ್ ಕಾರಿನಲ್ಲಿ ಅಡ್ಡಕ್ಕೆ ಕೂತಿರುತ್ತದೆ. ಇಷ್ಟು ನೋಡಿದರೆ ಸಾಕು, ಬೇರೇನನ್ನೂ ಬಿಚ್ಚಬೇಕಾಗಿಲ್ಲ.

ಯಾವ ಕಂಪನಿಯ ಯಾವ ಕಾರು ಯಾವುದಕ್ಕೆ ಸೇರುತ್ತೆ?

ಮ್ಯೂಗೆನ್ ಎಂಟಿಎಕ್ಸ್ ಸಾಲು, ಸರ್ಪೆಂಟ್ 747 ಮತ್ತು 748, ಎಕ್ಸ್‌ರೇ ಎನ್‌ಟಿ1, ಕ್ಯೋಶೋ ವಿ-ಒನ್ ಆರ್‌ಆರ್‌ಆರ್ ಬೆಲ್ಟ್ ಕಾರುಗಳು. ಟ್ರ್ಯಾಕ್ಸಸ್ ನೈಟ್ರೋ ಫೋರ್-ಟೆಕ್ ಕೂಡ ಬೆಲ್ಟಿನದೇ. ಡಬ್ಬಿಯಿಂದ ತೆಗೆದು ಓಡಿಸುವ ಕಾರುಗಳೆಲ್ಲ ಶಾಫ್ಟಿನವೇ ಎಂದು ತಿಳಿದವರಿಗೆ ಇದನ್ನು ನೆನಪಿಸಬೇಕಾಗುತ್ತದೆ. ಅಸೋಸಿಯೇಟೆಡ್ ಎನ್‌ಟಿಸಿ3, ಕ್ಯೋಶೋ ಎಫ್‌ಡಬ್ಲ್ಯು-06, ತಮಿಯಾ ಟಿಜಿ10 ಮತ್ತು ಕಡಿಮೆ ಬೆಲೆಗೆ ಹಲವು ಹೆಸರುಗಳಲ್ಲಿ ಮಾರಾಟವಾಗುವ ಎಚ್‌ಎಸ್‌ಪಿ ಮಾದರಿಯ ಕಾರುಗಳು ಶಾಫ್ಟ್ ಗುಂಪಿನವು. ಕ್ಯೋಶೋದ ಹೆಸರು ಎರಡೂ ಪಟ್ಟಿಯಲ್ಲಿ ಇರುವುದನ್ನು ಗಮನಿಸಿ.

## ಕೊಳ್ಳುವ ಮುಂಚೆ

ಒಂದೇ ಮಾತಲ್ಲಿ ಹೇಳಿ ಸಾರ್, ಯಾವುದು ಫಾಸ್ಟು?

ಎಂಜಿನ್, ಗೇರ್ ಅನುಪಾತ ಮತ್ತು ಟೈರು ಒಂದೇ ಆಗಿದ್ದರೆ ನೇರ ರಸ್ತೆಯಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇರುವುದಿಲ್ಲ. ಒಂದು ಬೇರಿಂಗ್ ಕಿರುಗುಟ್ಟುತ್ತಿದ್ದರೆ, ಬ್ರೇಕ್ ಪ್ಯಾಡ್ ಉಜ್ಜುತ್ತಿದ್ದರೆ ಅಥವಾ ಕಾರ್ಬ್ಯುರೇಟರಿನ ಸೂಜಿ ಕಾಲು ಸುತ್ತು ತಪ್ಪಾಗಿದ್ದರೆ ಆಗುವ ನಷ್ಟ, ಶಾಫ್ಟಿಗೂ ಬೆಲ್ಟಿಗೂ ಇರುವ ಅಂತರಕ್ಕಿಂತ ದೊಡ್ಡದು. ಕಡಿಮೆ ಶಕ್ತಿಯ ಮೋಟಾರಿಗೆ ಸೀಮಿತವಾದ ಎಲೆಕ್ಟ್ರಿಕ್ ಸ್ಪರ್ಧೆಗಳಲ್ಲಿ ಘರ್ಷಣೆಯ ಒಂದೊಂದು ಕಣವನ್ನೂ ಲೆಕ್ಕ ಹಾಕುವುದರಲ್ಲಿ ಅರ್ಥವಿದೆ. ನಿಮಿಷಕ್ಕೆ 30,000 ಸುತ್ತು ದಾಟುವ ನೈಟ್ರೋ ಎಂಜಿನ್ನಿನಲ್ಲಿ ಶಕ್ತಿ ಸಾಲದೆ ಸೋತವರನ್ನು ನಾನು ಕಂಡಿಲ್ಲ. ಇದ್ದ ಶಕ್ತಿಯನ್ನು ತಿರುವಿನಲ್ಲಿ ಹಿಡಿತಕ್ಕೆ ತಾರದೆ ಸೋತವರೇ ಹೆಚ್ಚು.

ನಮ್ಮೂರಲ್ಲಿ ಟ್ರ್ಯಾಕ್ ಇಲ್ಲ. ಕಲ್ಯಾಣಮಂಟಪದ ಮುಂದಿನ ಕಾಂಕ್ರೀಟ್ ಅಂಗಳದಲ್ಲಿ ಓಡಿಸ್ತೀನಿ. ಯಾವುದು ತಗೊಳ್ಲಿ?

ಶಾಫ್ಟ್ ತೆಗೆದುಕೊಳ್ಳಿ. ಅಂಗಳವನ್ನು ಎಷ್ಟು ಗುಡಿಸಿದರೂ ಜಲ್ಲಿಯ ಚೂರು ಉಳಿದೇ ಇರುತ್ತದೆ. ಮುಂದಿನ ಚಕ್ರ ಎರಚಿದ ಕಡಲೆಕಾಳಿನ ಗಾತ್ರದ ಕಲ್ಲೊಂದು ಪುಲ್ಲಿಗೂ ಬೆಲ್ಟಿಗೂ ನಡುವೆ ಹೊಕ್ಕರೆ ಹಲ್ಲುಗಳು ಕಿತ್ತುಹೋಗಬಹುದು, ಪುಲ್ಲಿಯ ಅಂಚು ಒಡೆಯಬಹುದು, ಇಲ್ಲವೇ ಬೆಲ್ಟ್ ಪಕ್ಕಕ್ಕೆ ಜಾರಿ ಚಾಸಿಗೆ ಉಜ್ಜಿಕೊಂಡು ಹರಿಯಬಹುದು. ಶಾಫ್ಟ್ ಕಾರಿನಲ್ಲಿ ಕ್ರೌನ್ ಪಿನಿಯನ್ ಮುಚ್ಚಿದ ಹೌಸಿಂಗಿನೊಳಗೆ ಇರುವುದರಿಂದ ಈ ಭಯ ಕಡಿಮೆ. ತೆರೆದಿರುವ ಸ್ಪರ್ ಗೇರಿಗೆ ಮಾತ್ರ ಕಲ್ಲಿನ ಕಾಟ ಎರಡರಲ್ಲೂ ಒಂದೇ.

ಇನ್ನೊಂದು ಕಾರಣವೂ ಇದೆ. ಬಿಡಿಭಾಗ ಬರುವವರೆಗೆ ಕಾಯಬೇಕಾದ ಊರಿನಲ್ಲಿ, ಹರಿದ ಬೆಲ್ಟಿಗೆ ಬದಲಿ ಮಾಡಿಕೊಳ್ಳುವ ಉಪಾಯ ಯಾವ ಕಾರ್ಖಾನೆಯಲ್ಲೂ ಇಲ್ಲ. ಹಲ್ಲಿನ ಅಂತರ, ಹಲ್ಲುಗಳ ಸಂಖ್ಯೆ, ಅಗಲ ಮೂರೂ ಕೂಡಿ ಬರಬೇಕು. ಬಗ್ಗಿದ ಶಾಫ್ಟನ್ನು ಒಳ್ಳೆಯ ಲೇತ್ ಕೆಲಸಗಾರರು ನೇರ ಮಾಡಿಕೊಟ್ಟಾರು ಅಥವಾ ಹೊಸದನ್ನೇ ಕಡೆದುಕೊಟ್ಟಾರು. ಇಂಧನದ ವಿಚಾರವನ್ನೂ ಕೊಳ್ಳುವ ಮುಂಚೆಯೇ ವಿಚಾರಿಸಿಕೊಳ್ಳಿ. ಅದು ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಸಾಮಾನ್ಯ ಅಂಚೆಯಲ್ಲಿ ಬರುವುದಿಲ್ಲ. ಕಾರು ಮನೆಗೆ ಬಂದ ಮೇಲೆ ಈ ಸಂಗತಿ ತಿಳಿದವರು ಹಲವರಿದ್ದಾರೆ.

ಶಾಫ್ಟ್ ಅಷ್ಟು ಗಟ್ಟಿ ಅಂದ್ರೆ ರೇಸಿನವರೆಲ್ಲ ಬೆಲ್ಟ್ ಯಾಕೆ ಹಾಕ್ತಾರೆ?

ಬೆಲ್ಟ್ ಕಾರಿನಲ್ಲಿ ಕ್ರ್ಯಾಂಕ್, ನಡುವಿನ ದಂಡ, ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಎಲ್ಲವೂ ಅಡ್ಡಡ್ಡಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ತಿರುಗುತ್ತವೆ. ಚಲನೆಯನ್ನು ತೊಂಬತ್ತು ಡಿಗ್ರಿ ಹೊರಳಿಸುವ ಗೇರು ಎಲ್ಲೂ ಬೇಕಾಗಿಲ್ಲ. ಕೋನದ ಗೇರುಗಳು ಒಂದನ್ನೊಂದು ದೂರ ತಳ್ಳಲು ನೋಡುತ್ತವೆ. ಹೌಸಿಂಗ್ ಸ್ವಲ್ಪ ಸಡಿಲವಾದರೂ ಹಲ್ಲು ಹಾರುತ್ತದೆ. ಬಿಗಿಯಾದರೆ ಬಿಸಿಯೂ ಘರ್ಷಣೆಯೂ ಹೆಚ್ಚುತ್ತವೆ. ಬೆಲ್ಟಿಗೆ ಈ ಪೇಚಾಟವಿಲ್ಲ. ಹೊಸದರಲ್ಲಿ ಹೇಗೆ ನಯವಾಗಿ ತಿರುಗುತ್ತಿತ್ತೋ ಹತ್ತು ಟ್ಯಾಂಕು ಇಂಧನ ಉರಿದ ಮೇಲೂ ಹೆಚ್ಚುಕಡಿಮೆ ಹಾಗೆಯೇ ತಿರುಗುತ್ತದೆ. ಸ್ಪರ್ಧಿಗೆ ಬೇಕಾದದ್ದು ಈ ನಂಬಿಕೆಯೇ. ನೈಟ್ರೋ ಸ್ಪರ್ಧೆಯ ಅಂತಿಮ ಸುತ್ತು ಅರ್ಧ ಗಂಟೆ, ಕೆಲವೆಡೆ ಒಂದು ಗಂಟೆ ನಡೆಯುವುದರಿಂದ ಇದರ ಬೆಲೆ ಇನ್ನೂ ಹೆಚ್ಚು.

ಎರಡನೆಯದಾಗಿ, ಬೆಲ್ಟಿಗೆ ತುಸು ಹಿಗ್ಗುವ ಗುಣವಿದೆ. ಥ್ರಾಟಲ್ ಎಳೆದ ಕ್ಷಣದ ಹೊಡೆತವನ್ನು ಅದು ಒಂದಿಷ್ಟು ನುಂಗಿಕೊಂಡು ಟೈರಿಗೆ ಮೆತ್ತಗೆ ದಾಟಿಸುತ್ತದೆ. ಶಾಫ್ಟ್ ಅದನ್ನು ಇದ್ದಂತೆಯೇ ತಲುಪಿಸುತ್ತದೆ. ಚಾಲಕರಲ್ಲಿ ಕೆಲವರು ಇದನ್ನೇ ಶಾಫ್ಟಿನ ಗುಣವೆಂದು ಹೊಗಳುತ್ತಾರೆ, ಉಳಿದವರು ದೋಷವೆಂದು ತೆಗಳುತ್ತಾರೆ. ಹಿಡಿತ ಚೆನ್ನಾಗಿರುವ ಟ್ರ್ಯಾಕಿನಲ್ಲಿ ಹೊಗಳಿದವರು ಧೂಳಿನ ಟ್ರ್ಯಾಕಿಗೆ ಬಂದಾಗ ದನಿ ತಗ್ಗಿಸುವುದುಂಟು.

ಹಾಗೆಂದು ಶಾಫ್ಟನ್ನು ಆಟಿಕೆ ಎಂದು ಹೀಗಳೆಯುವುದು ಸಲ್ಲದು. ಅಸೋಸಿಯೇಟೆಡ್ ಕಂಪನಿಯ ಟಿಸಿ3 ಎಂಬ ಎಲೆಕ್ಟ್ರಿಕ್ ಕಾರು ಶಾಫ್ಟ್ ಇಟ್ಟುಕೊಂಡೇ ಸ್ಪರ್ಧೆಗಳಲ್ಲಿ ಹೆಸರು ಮಾಡಿತು. ಅದೇ ಆಲೋಚನೆಯನ್ನು ನೈಟ್ರೋಗೆ ಒಗ್ಗಿಸಿ ಎನ್‌ಟಿಸಿ3 ಬಂದಿತು. ಎಲೆಕ್ಟ್ರಿಕ್ ಸಾಲಿನಲ್ಲಿ ಟಿಸಿ4 ಕೂಡ ಶಾಫ್ಟಿನದೇ. ಟಿಸಿ5ರ ಹೊತ್ತಿಗೆ ಆ ಕಂಪನಿಯೇ ಬೆಲ್ಟಿಗೆ ಹೊರಳಿತು. ಶಾಫ್ಟಿನ ಪರವಾಗಿ ಅಷ್ಟು ದೂರ ಹೋದವರೇ ದಾರಿ ಬದಲಿಸಿದ್ದು, ಟ್ರ್ಯಾಕಿನ ಮಟ್ಟಿಗೆ ಈ ವಾದ ಯಾವ ಕಡೆ ವಾಲಿತೆಂಬುದನ್ನು ತೋರಿಸುತ್ತದೆ.

ಹಾಗಾದ್ರೆ ಬಗ್ಗಿಗಳಿಗೆ ಯಾಕೆ ಬೆಲ್ಟ್ ಹಾಕಲ್ಲ?

ಮ್ಯೂಗೆನ್, ಕ್ಯೋಶೋ ಕಂಪನಿಗಳ ಎಂಟರಲ್ಲಿ ಒಂದು ಅಳತೆಯ ನೈಟ್ರೋ ಬಗ್ಗಿಗಳು, ಅಂದರೆ ಮಣ್ಣಿನ ಹಾದಿಯಲ್ಲಿ ಓಡುವ ಕಾರುಗಳು, ಶಾಫ್ಟಿನವು. ಇದೇ ಕಂಪನಿಗಳ ರಸ್ತೆಯ ರೇಸ್ ಕಾರುಗಳು ಬೆಲ್ಟಿನವು. ಇದು ಅಭಿಮಾನದ ಪ್ರಶ್ನೆಯಲ್ಲ, ನೆಲದ ಪ್ರಶ್ನೆ. ಮಣ್ಣು, ಕಲ್ಲು ಮತ್ತು ನೀರಿನಲ್ಲಿ ತೆರೆದ ಬೆಲ್ಟ್ ಬಾಳುವುದಿಲ್ಲ. ಜೊತೆಗೆ ಎರಡು ಆಕ್ಸಲ್‌ಗಳಲ್ಲಿರುವವಲ್ಲದೆ ಬಗ್ಗಿಯ ನಡುವೆ ಮೂರನೆಯ ಡಿಫರೆನ್ಷಿಯಲ್ (ಚುಟುಕಾಗಿ ಡಿಫ್; ಎರಡು ಕಡೆಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಕೂರಿಸಬೇಕು, ಅಲ್ಲಿಂದ ಮುಂದಕ್ಕೊಂದು ಹಿಂದಕ್ಕೊಂದು ಶಾಫ್ಟ್ ಹೊರಡಿಸುವುದು ಸರಳ.

## ದುರಸ್ತಿ ಮತ್ತು ಆರೈಕೆ

ಬೆಲ್ಟ್ ಎಷ್ಟು ಬಿಗಿ ಇರಬೇಕು?

ಹಲ್ಲು ಹಾರದಷ್ಟು ಬಿಗಿ ಸಾಕು, ಅದಕ್ಕಿಂತ ಎಳ್ಳಷ್ಟೂ ಹೆಚ್ಚು ಬೇಡ. ಹೊಸಬರು ವೀಣೆಯ ತಂತಿಯಂತೆ ಎಳೆದು ಕಟ್ಟಿ ಬೇರಿಂಗುಗಳನ್ನು ಕೊಲ್ಲುತ್ತಾರೆ. ಎರಡು ಪುಲ್ಲಿಗಳ ನಡುಮಧ್ಯೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಬೆಲ್ಟ್ ಸುಲಭವಾಗಿ ಕೆಲವು ಮಿಲಿಮೀಟರ್ ಬಾಗಬೇಕು. ಬೆರಳು ತೆಗೆದರೆ ತನ್ನ ಜಾಗಕ್ಕೆ ಮರಳಬೇಕು. ಅನೇಕ ಕಾರುಗಳಲ್ಲಿ ಡಿಫರೆನ್ಷಿಯಲ್ಲಿನ ಬೇರಿಂಗನ್ನು ಹಿಡಿದಿರುವ ಪ್ಲಾಸ್ಟಿಕ್ ಬಳೆಯ ರಂಧ್ರ ನಟ್ಟನಡುವೆ ಇರುವುದಿಲ್ಲ. ಬಳೆಯನ್ನು ಒಂದು ಮೆಟ್ಟಿಲು ತಿರುಗಿಸಿದರೆ ಡಿಫ್ ಹಿಂದೆ ಅಥವಾ ಮುಂದೆ ಸರಿದು ಬಿಗಿ ಬದಲಾಗುತ್ತದೆ. ಎಡಬಲದ ಬಳೆಗಳನ್ನು ಒಂದೇ ಗುರುತಿಗೆ ತಿರುಗಿಸಬೇಕು. ಒಮ್ಮೆ ನಾನೇ ಒಂದು ಕಡೆಯದನ್ನು ಮರೆತು, ಬೆಲ್ಟಿನ ಒಂದಂಚು ಮಾತ್ರ ಏಕೆ ಸವೆಯುತ್ತಿದೆ ಎಂದು ಎರಡು ಭಾನುವಾರ ತಲೆ ಕೆರೆದುಕೊಂಡಿದ್ದೇನೆ.

ಹೊಸ ಬೆಲ್ಟ್ ಮೊದಲ ಕೆಲವು ಟ್ಯಾಂಕುಗಳಲ್ಲಿ ತುಸು ಸಡಿಲವಾಗುತ್ತದೆ. ಆಗ ಮತ್ತೊಮ್ಮೆ ನೋಡಿಕೊಳ್ಳಿ.

ಬೆಲ್ಟಿಗೆ ಎಣ್ಣೆ ಗಿಣ್ಣೆ ಹಾಕಬಹುದಾ?

ಬೇಡ. ಎಣ್ಣೆಗೆ ಧೂಳು ಅಂಟಿ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ನೈಟ್ರೋ ಕಾರಿನ ಹೊಗೆಯಲ್ಲೇ ಬೇಕಾದಷ್ಟು ಎಣ್ಣೆ ಸಿಡಿಯುತ್ತದೆ. ಓಡಿಸಿದ ದಿನವೇ ಅದನ್ನು ಒರೆಸಿ, ಒಣ ಬ್ರಷ್ಷಿನಿಂದ ಹಲ್ಲುಗಳ ಸಂದಿಯನ್ನು ಕೆದಕಿದರೆ ಸಾಕು.

ಥ್ರಾಟಲ್ ಕೊಟ್ಟ ತಕ್ಷಣ ಕಟಕಟ ಅಂತ ಸದ್ದು. ಎಲ್ಲಿಂದ ಅಂತ ಗೊತ್ತಾಗ್ತಿಲ್ಲ.

ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಕೈಯಿಂದಲೇ ಹುಡುಕಬಹುದು. ಹಿಂದಿನ ಎರಡೂ ಚಕ್ರಗಳನ್ನು ಗಟ್ಟಿಯಾಗಿ ಹಿಡಿದುಕೊಂಡು ಸ್ಪರ್ ಗೇರನ್ನು ತಿರುಗಿಸಲು ಯತ್ನಿಸಿ. ಬಳಿಕ ಮುಂದಿನ ಎರಡು ಚಕ್ರಗಳನ್ನು ಹಿಡಿದು ಹಾಗೆಯೇ ಮಾಡಿ. ಯಾವ ಕಡೆ ಹಿಡಿದಾಗ ಸದ್ದು ಬರುತ್ತದೋ ದೋಷ ಆ ಕಡೆ ಇದೆ. ಬೆಲ್ಟ್ ಹಲ್ಲು ಹಾರಿಸುವಾಗ ಸದ್ದು ಮಂದವಾಗಿ, ರಬ್ಬರು ತಟ್ಟಿದಂತೆ ಇರುತ್ತದೆ, ಪಟ್ಟಿ ಮೇಲಕ್ಕೇಳುವುದೂ ಕಾಣುತ್ತದೆ. ಕ್ರೌನ್ ಪಿನಿಯನ್ನಿನ ಸದ್ದು ಚೂಪಾಗಿ, ಹೌಸಿಂಗಿನೊಳಗಿಂದ ಕೇಳುತ್ತದೆ. ಸ್ಪರ್ ಗೇರಿನ ಹಲ್ಲು ಸವೆದಿದ್ದರೆ ಈ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಅದನ್ನು ಕಣ್ಣಿನಿಂದಲೇ ನೋಡಬೇಕು. ಕ್ಲಚ್ ಗಂಟೆಗೂ ಸ್ಪರಿಗೂ ನಡುವೆ ನೋಟ್‌ಬುಕ್ಕಿನ ಹಾಳೆಯ ಚೂರೊಂದನ್ನು ತೂರಿಸಿ ತಿರುಗಿಸಿದಾಗ ಕಾಗದ ಹರಿಯದೆ, ಮಡಿಕೆ ಮಡಿಕೆಯಾಗಿ ಹೊರಬಂದರೆ ಹಲ್ಲುಗಳ ಅಂತರ ಸರಿಯಿದೆ.

ಹೊಸ ಕ್ರೌನ್ ಪಿನಿಯನ್ ಹಾಕಿದ್ರೂ ಪದೇ ಪದೇ ಹಲ್ಲು ಮುರೀತಿದೆ. ಗ್ರೀಸ್ ಸಾಲ್ತಿಲ್ವಾ?

ಗ್ರೀಸಿನ ಕೊರತೆಯಿಂದ ಹಲ್ಲು ಸವೆಯುತ್ತದೆ, ಮುರಿಯುವುದು ಅಪರೂಪ. ಮುರಿಯುತ್ತಿದ್ದರೆ ಎರಡು ಗೇರುಗಳು ಪೂರ್ತಿ ಆಳಕ್ಕೆ ಕೂಡುತ್ತಿಲ್ಲ ಎಂದೇ ಅರ್ಥ. ಡಿಫರೆನ್ಷಿಯಲ್ಲಿನ ಎರಡು ಪಕ್ಕದ ಬೇರಿಂಗುಗಳ ಒಳಬದಿಗೆ ತೆಳು ತಗಡಿನ ಶಿಮ್‌ಗಳನ್ನು ಹಾಕಿ ಕ್ರೌನನ್ನು ಪಿನಿಯನ್ನಿನ ಕಡೆಗೆ ಸರಿಸಬೇಕು. ಒಂದು ಕಡೆಯಿಂದ ತೆಗೆದ ಶಿಮ್ಮನ್ನು ಇನ್ನೊಂದು ಕಡೆಗೆ ಹಾಕಿ, ಪ್ರತಿ ಸಲವೂ ಕೈಯಲ್ಲಿ ತಿರುಗಿಸಿ ನೋಡಿ. ಎಲ್ಲೂ ಹಿಡಿಯದೆ ತಿರುಗಬೇಕು, ಆದರೆ ಶಾಫ್ಟನ್ನು ಹಿಂದೆ ಮುಂದೆ ಆಡಿಸಿದಾಗ ಕೈಗೆ ತಾಕುವ ಸಡಿಲ ತೀರ ಕಡಿಮೆ ಇರಬೇಕು. ಪಿನಿಯನ್ನಿನ ದಂಡವೇ ಉದ್ದಕ್ಕೆ ಜಾರುತ್ತಿದ್ದರೆ ಅಲ್ಲಿಗೂ ಒಂದು ಶಿಮ್ ಬೇಕು.

ಅಗ್ಗದ ಕಾರುಗಳಲ್ಲಿ ಹೌಸಿಂಗಿನ ತಿರುಪುಗಳು ಪ್ಲಾಸ್ಟಿಕ್ಕಿನಲ್ಲಿ ಸಡಿಲವಾಗಿ ಕೂತಿರುತ್ತವೆ. ನಿಂತಾಗ ಸರಿಯಿರುವ ಅಂತರ ಓಡುವಾಗ ಬಾಯಿ ಬಿಡುತ್ತದೆ. ಇದನ್ನು ನೋಡದೆ ಸ್ಟೀಲ್ ಗೇರು ತಂದು ಹಾಕಿದರೆ, ಮುಂದೆ ಮುರಿಯುವುದು ಹೌಸಿಂಗ್.

## ಪಳಗಿದವರ ಪ್ರಶ್ನೆಗಳು

ಶಾಫ್ಟ್ ಕಾರು ಥ್ರಾಟಲ್ ಕೊಟ್ಟಾಗ ಒಂದು ಪಕ್ಕಕ್ಕೆ ವಾಲುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ಲಾರಿಯ ಹಿಂದಿನ ಹೌಸಿಂಗ್ ಚಾಸಿಗೆ ಬಿಗಿದಿರುವುದಿಲ್ಲ, ಅದು ಸ್ಪ್ರಿಂಗಿನ ಕೆಳಗೆ ಪ್ರತ್ಯೇಕವಾಗಿ ತೂಗುತ್ತದೆ. ಆದ್ದರಿಂದ ಶಾಫ್ಟಿನ ತಿರುಚು ಬಲ ಅಲ್ಲಿ ಒಂದು ಚಕ್ರವನ್ನು ಒತ್ತಿ ಇನ್ನೊಂದನ್ನು ಎತ್ತುತ್ತದೆ. ನಮ್ಮ ಕಾರಿನಲ್ಲಿ ಎಂಜಿನ್ನೂ ಎರಡು ಹೌಸಿಂಗುಗಳೂ ಒಂದೇ ಚಾಸಿಗೆ ಬಿಗಿದಿರುವುದರಿಂದ ಅವು ಕೊಡುವ ಎದುರು ಬಲಗಳು ಚಾಸಿಯೊಳಗೇ ಪರಸ್ಪರ ಕಳೆದುಹೋಗುತ್ತವೆ. ಉಳಿಯುವುದು ಸುತ್ತಿನ ವೇಗ ಥಟ್ಟನೆ ಏರುವಾಗ ಅಥವಾ ಇಳಿಯುವಾಗಿನ ಪರಿಣಾಮ ಮಾತ್ರ. ಉದ್ದಕ್ಕೆ ಮಲಗಿದ ಕ್ರ್ಯಾಂಕ್, ಫ್ಲೈವೀಲ್ ಮತ್ತು ಕ್ಲಚ್ ಒಂದು ಕಡೆಗೆ ವೇಗ ಹೆಚ್ಚಿಸಿಕೊಂಡಾಗ ಚಾಸಿ ಎದುರು ಕಡೆಗೆ ವಾಲಲು ನೋಡುತ್ತದೆ. ಸ್ಪರ್ ಗೇರು ಮತ್ತು ಶಾಫ್ಟ್ ಕ್ರ್ಯಾಂಕಿಗೆ ವಿರುದ್ಧವಾಗಿ ತಿರುಗುವುದರಿಂದ ಅದರಲ್ಲೂ ಸ್ವಲ್ಪ ಭಾಗ ಕಡಿಮೆಯಾಗುತ್ತದೆ. ಬೆಲ್ಟ್ ಕಾರಿನಲ್ಲಿ ಎಂಜಿನ್ ಅಡ್ಡ ಇರುವುದರಿಂದ ಇದೇ ಪರಿಣಾಮ ಎಡಬಲಕ್ಕೆ ಆಗದೆ ಮೂಗು ಏಳುವ ಅಥವಾ ತಗ್ಗುವ ರೂಪದಲ್ಲಿ ಆಗುತ್ತದೆ; ಚಾಲಕನಿಗೆ ಅದು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ನಿಮ್ಮ ಕಾರು ಸಮವೇಗದಲ್ಲೂ ಒಂದೇ ಪಕ್ಕಕ್ಕೆ ಎಳೆಯುತ್ತಿದ್ದರೆ ಶಾಫ್ಟನ್ನು ಬೈಯಬೇಡಿ. ಚಾಸಿ ತಿರುಚಿದೆಯೇ, ಎಡಬಲದ ಸ್ಪ್ರಿಂಗ್ ಒತ್ತಡ ಸಮವಿದೆಯೇ, ಟ್ಯಾಂಕು ತುಂಬಿದಾಗ ತೂಕ ಒಂದು ಕಡೆಗೆ ಹೆಚ್ಚಿದೆಯೇ ಎಂದು ನೋಡಿ.

ಮುಂದೆ ಒನ್‌ವೇ ಹಾಕ್ಲಾ, ಸ್ಪೂಲ್ ಹಾಕ್ಲಾ, ಡಿಫ್ಫೇ ಸಾಕಾ?

ಒನ್‌ವೇ ಬೇರಿಂಗ್ ಇದ್ದರೆ ಮುಂದಿನ ಚಕ್ರಗಳು ಎಂಜಿನ್ ತಿರುಗಿಸುವುದಕ್ಕಿಂತ ವೇಗವಾಗಿ ತಿರುಗಲು ಸ್ವತಂತ್ರ. ಕಾರು ತಿರುವಿಗೆ ಚುರುಕಾಗಿ ಹೊಗುತ್ತದೆ. ಆದರೆ ಬ್ರೇಕಿನ ಡಿಸ್ಕ್ ಇರುವುದು ನಡುವಿನ ದಂಡದ ಮೇಲೆ. ಒನ್‌ವೇ ಮುಂದಿನ ಆಕ್ಸಲನ್ನು ಅದರಿಂದ ಬಿಡಿಸಿಬಿಡುವುದರಿಂದ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ ಸಿಗುತ್ತದೆ, ಒರಟಾಗಿ ಒತ್ತಿದರೆ ಕಾರು ಬುಗುರಿಯಾಗುತ್ತದೆ. ಸ್ಪೂಲ್ ಮುಂದಿನ ಎರಡು ಚಕ್ರಗಳನ್ನೂ ಒಂದಕ್ಕೊಂದು ಕಟ್ಟಿಹಾಕುತ್ತದೆ. ಬ್ರೇಕು ಗಟ್ಟಿ, ನಿಧಾನದ ತಿರುವಿನಲ್ಲಿ ಮೊಂಡುತನ. ಕಲಿಯುವವರಿಗೆ ಡಿಫ್ಫೇ ಸಾಕು.

ಶಾಫ್ಟ್ ಕಾರಿನವರು ಸ್ಪೂಲ್ ಹಾಕುವ ಮುಂಚೆ ಇನ್ನೊಂದು ಯೋಚನೆ ಮಾಡಬೇಕು. ಒಂದು ಮುಂಚಕ್ರ ಕಟ್ಟೆಗೆ ಬಡಿದಾಗ ಆ ಹೊಡೆತವನ್ನು ಹಂಚಿಕೊಳ್ಳಲು ಡಿಫ್ ಇಲ್ಲ, ಹಿಗ್ಗಲು ಬೆಲ್ಟೂ ಇಲ್ಲ. ಅದು ನೇರವಾಗಿ ಕ್ರೌನಿನ ಹಲ್ಲುಗಳ ಮೇಲೆ ಬೀಳುತ್ತದೆ.

ಎರಡು ಗೇರಿನ ಕಾರಿನಲ್ಲಿ ಅನುಪಾತ, ವೇಗ ಲೆಕ್ಕ ಹಾಕೋದು ಹೇಗೆ?

ಸ್ಪರಿನ ಹಲ್ಲುಗಳನ್ನು ಕ್ಲಚ್ ಗಂಟೆಯ ಹಲ್ಲುಗಳಿಂದ ಭಾಗಿಸಿ. ಬಂದದ್ದನ್ನು ಕಾರಿನ ಒಳ ಅನುಪಾತದಿಂದ ಗುಣಿಸಿ. ಶಾಫ್ಟ್ ಕಾರಿನಲ್ಲಿ ಒಳ ಅನುಪಾತ ಎಂದರೆ ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದ್ದು, ಬೆಲ್ಟ್ ಕಾರಿನಲ್ಲಿ ದೊಡ್ಡ ಪುಲ್ಲಿಯನ್ನು ಸಣ್ಣ ಪುಲ್ಲಿಯಿಂದ ಭಾಗಿಸಿದ್ದು.

ಉದಾಹರಣೆಗೆ ಒಳ ಅನುಪಾತ 2.5, ಮೊದಲ ಗೇರಿಗೆ 60 ಮತ್ತು 18 ಹಲ್ಲು, ಎರಡನೆಯದಕ್ಕೆ 54 ಮತ್ತು 24 ಹಲ್ಲು ಎಂದು ಇಟ್ಟುಕೊಳ್ಳಿ. ಮೊದಲ ಗೇರಿನ ಒಟ್ಟು ಅನುಪಾತ 8.33, ಎರಡನೆಯದರದು 5.63. ಟೈರಿನ ವ್ಯಾಸ 60 ಮಿಲಿಮೀಟರ್ ಆದರೆ ಒಂದು ಸುತ್ತಿಗೆ ಕಾರು 188.5 ಮಿಲಿಮೀಟರ್ ಸಾಗುತ್ತದೆ. ಎಂಜಿನ್ ನಿಮಿಷಕ್ಕೆ 36,000 ಸುತ್ತು ಸುತ್ತಿದಾಗ ಮೊದಲ ಗೇರಿನಲ್ಲಿ ಗಂಟೆಗೆ ಸುಮಾರು 49 ಕಿಲೋಮೀಟರ್, ಎರಡನೆಯದರಲ್ಲಿ ಸುಮಾರು 72 ಕಿಲೋಮೀಟರ್. 60 ಮತ್ತು 18 ಕೂಡಿದರೂ 78, 54 ಮತ್ತು 24 ಕೂಡಿದರೂ 78 ಎಂಬುದನ್ನು ನೋಡಿದಿರಾ? ಎರಡು ಜೋಡಿಗಳೂ ಅದೇ ಎರಡು ದಂಡಗಳ ಮೇಲೆ ಕೂತಿರುವುದರಿಂದ, ಹಲ್ಲಿನ ಗಾತ್ರ ಒಂದೇ ಆಗಿದ್ದರೆ, ಮೊತ್ತವೂ ಒಂದೇ ಇರಬೇಕು. ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಮರೆತವರ ಸ್ಪರ್ ಗೇರು ಮೊದಲ ಟ್ಯಾಂಕಿನಲ್ಲೇ ಬೋಳಾಗುತ್ತದೆ.

ಫೋಮ್ ಟೈರ್ ಸವೆದ ಹಾಗೆ ಕಾರು ಬಿಗಿಯಾದಂತೆ ಅನ್ನಿಸುತ್ತೆ, ಎಂಜಿನ್ನೂ ಬಿಸಿಯಾಗುತ್ತೆ. ಯಾಕೆ?

ಟೂರಿಂಗ್ ಕಾರಿನ ನಡುವೆ ಡಿಫರೆನ್ಷಿಯಲ್ ಇಲ್ಲ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಸುತ್ತಿಗೆ ಒಂದು ನಿಗದಿತ ಅನುಪಾತವಿದೆ, ಟೈರಿನ ವ್ಯಾಸ ಆ ಅನುಪಾತಕ್ಕೆ ಹೊಂದಿರಬೇಕು. ರೇಸಿನ ಬೆಲ್ಟ್ ಕಾರುಗಳಲ್ಲಿ ಹಿಂದಿನ ಫೋಮ್ ಟೈರನ್ನು ಮುಂದಿನದಕ್ಕಿಂತ ಮಿಲಿಮೀಟರ್ ಒಂದೆರಡು ದೊಡ್ಡದಾಗಿ ಕಡೆದುಕೊಳ್ಳುವುದುಂಟು. ಪುಲ್ಲಿಗಳ ಹಲ್ಲುಗಳನ್ನು ಆ ವ್ಯತ್ಯಾಸಕ್ಕೆ ತಕ್ಕಂತೆ ಆರಿಸಿರುತ್ತಾರೆ. ಹಿಂದಿನವು ಬೇಗ ಸವೆದರೆ ಲೆಕ್ಕ ತಪ್ಪುತ್ತದೆ. ಆಗ ಮುಂದಿನ ಮತ್ತು ಹಿಂದಿನ ಟೈರುಗಳು ಬೇರೆ ಬೇರೆ ವೇಗದಲ್ಲಿ ನೆಲವನ್ನು ಉಜ್ಜುತ್ತವೆ, ಬೆಲ್ಟುಗಳು ಸದಾ ಎಳೆತದಲ್ಲಿರುತ್ತವೆ, ಎಂಜಿನ್ ಆ ಜಗಳಕ್ಕೂ ಇಂಧನ ಸುಡಬೇಕಾಗುತ್ತದೆ. ಮುಂದೆ ಒನ್‌ವೇ ಇದ್ದರೆ ಈ ಕಾಟ ಒಂದು ದಿಕ್ಕಿನಲ್ಲಿ ಮಾತ್ರ ತಪ್ಪುತ್ತದೆ.

ಅದಕ್ಕೇ ಸ್ಪರ್ಧಿಗಳು ಪ್ರತಿ ಓಟದ ಮುಂಚೆಯೂ ನಂತರವೂ ಕ್ಯಾಲಿಪರ್ ಹಿಡಿದು ನಾಲ್ಕೂ ಟೈರುಗಳನ್ನು ಅಳೆದು ಬರೆದಿಡುತ್ತಾರೆ. ಶಾಫ್ಟ್ ಕಾರಿನಲ್ಲಿ ಸಾಮಾನ್ಯವಾಗಿ ಮುಂದೆ ಹಿಂದೆ ಒಂದೇ ಕ್ರೌನ್ ಪಿನಿಯನ್ ಇರುವುದರಿಂದ ನಾಲ್ಕೂ ಟೈರುಗಳ ವ್ಯಾಸ ಒಂದೇ ಇರಬೇಕು. ಅಂಗಳದಲ್ಲಿ ಓಡಿಸುವವರು ರಬ್ಬರ್ ಟೈರು ಹಾಕಿಕೊಂಡು, ಆಗಾಗ ಮುಂದಿನ ಜೋಡಿಯನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಬದಲಿಸಿದರೆ ಕ್ಯಾಲಿಪರ್ ಕೊಳ್ಳುವ ಖರ್ಚೂ ಉಳಿಯುತ್ತದೆ.